‘ಇದು ನಾಲ್ಕಲ್ಲ’ ಎಂದ ಮುನಿಕೆಂಪಮ್ಮ

ಬೆಳಗಿನ ಐದೂಮುಕ್ಕಾಲು. ಯಲಹಂಕದ ವಾಯುನೆಲೆಯ ವಿಮಾನಗಳು ಇನ್ನೂ ಎದ್ದಿಲ್ಲ. ವಿಶ್ವವಿದ್ಯಾಲಯದ ರಸಾಯನ ವಿಭಾಗದ ಹಿಂಬದಿ ಕೋಣೆಯಲ್ಲಿ ಒಂದೇ ದೀಪ ಉರಿಯುತ್ತಿದೆ. ಗಾಜಿನ ತೊಟ್ಟಿಯ ಬೆಚ್ಚನೆ ನೀರಿನಲ್ಲಿ ‘ಯು’ ಆಕಾರದ ಕೊಳವೆಯೊಂದು ನೆಟ್ಟಗೆ ನಿಂತಿದೆ. ಅದರ ಮುಂದೆ ಕುಕ್ಕರುಗಾಲಲ್ಲಿ ಕೂತ ಹೆಂಗಸು ರಬ್ಬರ್ ಬುರುಡೆ ಅದುಮಿ ಒಳಗಿನ ದ್ರವವನ್ನು ಮೇಲಕ್ಕೆಳೆದು ಬಿಡುತ್ತಾರೆ. ದ್ರವ ಮೇಲಿನ ಗೀರು ದಾಟಿದೊಡನೆ ಸ್ಟಾಪ್‌ವಾಚಿನ ಗುಂಡಿ ಒತ್ತುತ್ತಾರೆ, ಕೆಳಗಿನ ಗೀರು ದಾಟಿದೊಡನೆ ಮತ್ತೆ ಒತ್ತುತ್ತಾರೆ. ಅಷ್ಟು ಹೊತ್ತೂ ಅವರು ರೆಪ್ಪೆ ಬಡಿದದ್ದನ್ನು ನಾನು ಕಾಣಲಿಲ್ಲ.

“ನೂರಾ ಒಂಬತ್ತು, ಒಂದು ಗೀರು” ಎನ್ನುತ್ತಾರೆ. ಈ ಗೀರು ವಾಚಿನ ಮುಖದ್ದು, ಸೆಕೆಂಡಿನ ಐದನೇ ಒಂದು ಪಾಲು. ಎರಡನೇ ಸಲವೂ ನೂರಾ ಒಂಬತ್ತು, ಒಂದು ಗೀರು. ಮೂರನೇ ಸಲವೂ ಅದೇ. ಆಮೇಲೆ ಮಾತ್ರ ಪೆನ್ಸಿಲ್ ಕೈಗೆತ್ತಿಕೊಂಡು ನೋಟ್‌ಬುಕ್ಕಿನಲ್ಲಿ ಅಂಕಿ ಬರೆಯುತ್ತಾರೆ.

ಇವರು ಕೋಗಿಲಿನ ಮುನಿಕೆಂಪಮ್ಮ. ವಯಸ್ಸು ನಲವತ್ತಾರೋ ನಲವತ್ತೆಂಟೋ, ಅವರಿಗೂ ಗೊತ್ತಿಲ್ಲ. ವಿಭಾಗದ ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ‘ಕಸ ಗುಡಿಸುವವರು’ ಎಂದಿದೆ. ಕಳೆದ ಒಂಬತ್ತು ವರ್ಷಗಳಲ್ಲಿ ಇಲ್ಲಿಂದ ಪಿಎಚ್.ಡಿ. ಪಡೆದು ಹೊರಟ ಆರು ಜನರ ಪ್ರಬಂಧಗಳಲ್ಲಿರುವ ಅಳತೆಗಳಲ್ಲಿ ಮುಕ್ಕಾಲು ಪಾಲು ಈ ಹೆಂಗಸಿನ ಕಣ್ಣಿನಿಂದ ಬಂದವು. ಆರರಲ್ಲಿ ಒಂದರಲ್ಲೂ ಅವರ ಹೆಸರಿಲ್ಲ. ವಿಶ್ವವಿದ್ಯಾಲಯದ ಹೆಸರು ಬರೆಯಬೇಡಿ ಎಂದು ಆಡಳಿತ ಕಚೇರಿಯವರು ನನಗೆ ಎರಡೆರಡು ಸಲ ಹೇಳಿದ್ದಾರೆ. ಬರೆಯುವುದಿಲ್ಲ. ಮುನಿಕೆಂಪಮ್ಮನ ಹೆಸರು ಬರೆಯಬೇಡಿ ಎಂದೂ ಹೇಳಿದರು. ಅದನ್ನು ಕೇಳುವುದಿಲ್ಲ.

ಈ ಗುಂಪು ಮಾಡುವ ಕೆಲಸ ಇಷ್ಟು: ಪ್ಲಾಸ್ಟಿಕ್ಕು, ರಬ್ಬರಿನಂಥ ವಸ್ತುಗಳ ಅಣುಗಳು ಉದ್ದನೆಯ ಸರಪಣಿಗಳು. ಎಷ್ಟು ಉದ್ದ ಎಂದು ತಿಳಿಯಬೇಕಾದರೆ ಅವನ್ನು ಟಾಲುಯಿನ್ ಎಂಬ ಪೆಟ್ರೋಲಿನಂಥ ದ್ರವದಲ್ಲಿ ಕರಗಿಸಿ ಕೂದಲೆಳೆಯಷ್ಟು ಸಣ್ಣ ಕೊಳವೆಯಲ್ಲಿ ಇಳಿಯಬಿಡುತ್ತಾರೆ. ಮೊದಲು ಬರೀ ಟಾಲುಯಿನ್, ನಂತರ ಕರಗಿಸಿದ್ದು. ಎರಡರ ಹೊತ್ತನ್ನು ಹೋಲಿಸಿದರೆ ಉದ್ದ ಸಿಗುತ್ತದೆ. ಇದನ್ನು ನನಗೆ ಗುಂಪಿನ ಪ್ರೊಫೆಸರ್ ವೀರಬಸಪ್ಪನವರು ಅರ್ಧ ಗಂಟೆ ವಿವರಿಸಿದರು. ಮುನಿಕೆಂಪಮ್ಮ ಒಂದೇ ಮಾತಿನಲ್ಲಿ ಮುಗಿಸಿದರು. “ಅಂಬಲಿ ನೀರಾಗಿದ್ರೆ ಬಿರ್ರನೆ ಇಳೀತದೆ, ಗಟ್ಟಿಗಿದ್ರೆ ತಡ್ದು ಇಳೀತದೆ. ಎಷ್ಟು ತಡೀತು ಅನ್ನಾದೇ ಇಲ್ಲಿ ಕೆಲ್ಸ ಕಣಣ್ಣ.”

ದಿನಕ್ಕೆ ಎರಡು ಮಾದರಿ. ಒಂದೊಂದನ್ನೂ ಐದು ಹದಕ್ಕೆ ತೆಳುಮಾಡಿ, ಪ್ರತಿ ಹದಕ್ಕೂ ಮೂರು ಓಟ, ಅಂದರೆ ಮೂರು ಸಲ ಕೊಳವೆಯಲ್ಲಿ ಇಳಿಸುವುದು. ಒಟ್ಟು ಮೂವತ್ತು. ಎಂಟೂವರೆಗೆ ವಿಮಾನಗಳು ಹಾರತೊಡಗಿದರೆ ಕಿಟಕಿ ಗಾಜಿನ ಜತೆಗೆ ತೊಟ್ಟಿಯ ನೀರೂ ಅದುರುತ್ತದೆ. ಒಂಬತ್ತಕ್ಕೆ ವೋಲ್ಟೇಜು ಬೀಳುತ್ತದೆ. ಅದಕ್ಕೇ ಅವರು ಕತ್ತಲಿರುವಾಗಲೇ ಕೋಗಿಲಿನಿಂದ ನಡೆದು ಬರುತ್ತಾರೆ. ಗೀರು ಸರಿಯಾಗಿ ಕಾಣಬೇಕಾದರೆ ಕಣ್ಣು ಅದರ ಮಟ್ಟಕ್ಕಿರಬೇಕು. ಆದ್ದರಿಂದ ಮೂವತ್ತು ಸಲ ಕುಕ್ಕರಿಸುತ್ತಾರೆ, ಮೂವತ್ತು ಸಲ ಏಳುತ್ತಾರೆ. ಮಂಡಿ ಹೋಗಿದೆ. ಟಾಲುಯಿನ್ ವಾಸನೆಗೆ ತಲೆನೋವು ಕಾಯಂ. ಇಷ್ಟಾದ ಮೇಲೆ ಹಾಜರಿ ಪುಸ್ತಕದ ಮರ್ಯಾದೆಗೆ ಇಡೀ ವಿಭಾಗದ ಕಸ ಗುಡಿಸುತ್ತಾರೆ.

ಕೋಣೆಯ ಕಟ್ಟಳೆಗಳೂ ಅವರವೇ. ಬಾಗಿಲಲ್ಲಿ ಬಕೆಟ್ಟಿದೆ; ಸೀಗೆಪುಡಿ ಹಾಕಿ ಎರಡು ಸಲ ಕೈ ತೊಳೆಯದೆ ಯಾರೂ ಒಳಗೆ ಬರುವಂತಿಲ್ಲ. ಪ್ರೊಫೆಸರರೂ ತೊಳೆಯುತ್ತಾರೆ. ನಾನೂ ತೊಳೆದೆ. ನನ್ನ ಜೇಬಿನ ಮಸಿಪೆನ್ನನ್ನು ಕಿತ್ತು ಹೊರಗಿನ ಕಿಟಕಿಯಲ್ಲಿಟ್ಟು ಪೆನ್ಸಿಲ್ ಕೊಟ್ಟರು. ಅವರು ತಲೆಗೆ ಎಣ್ಣೆ ಹಚ್ಚುವುದು ಶನಿವಾರ ಸಂಜೆ ಮಾತ್ರ, ಭಾನುವಾರ ನೀರು ಹಾಕಿಕೊಂಡು ತೊಳೆದುಬಿಡುತ್ತಾರೆ. “ಎಣ್ಣೆ, ಅರಿಸ್ನ, ಮಸಿ ಮೂರೂ ಆಚೆ. ಚೂರು ಜಿಡ್ಡು ತಾಕುದ್ರೂ ಒಳ್ಗೆ ಹನಿ ಅಂಟ್ಕೊಂತದೆ. ಆಮೇಲೆ ಕೊಳ್ವೆ ಸುಳ್ಳಾಡ್ತದೆ.”

ಈ ಕೈ ಮೊದಲು ಮುಟ್ಟಿದ್ದು ಕೊಳವೆಯನ್ನಲ್ಲ, ಕಲ್ಲನ್ನು. ಎಪ್ಪತ್ತೊಂದರಲ್ಲಿ ಇದೇ ಕಟ್ಟಡ ಏಳುವಾಗ ಅವರು ಕಲ್ಲು, ಗಾರೆ ಬಾಂಡ್ಲಿ ಹೊತ್ತವರು. ಗಂಡ ಆನಂದಪ್ಪ ಆಗಲೂ ಈಗಲೂ ದ್ರಾಕ್ಷಿ ತೋಟದ ಕಾವಲುಗಾರ. ಕಟ್ಟಡ ಮುಗಿದ ಮೇಲೆ ಅದನ್ನೇ ಗುಡಿಸಲು ಉಳಿದರು. ಅಕ್ಷರ ಬರುವುದಿಲ್ಲ, ಬಸ್ಸಿನ ನಂಬರು ನೋಡಿ ನೋಡಿ ಅಂಕಿ ಕಲಿತಿದ್ದರು. ಎಪ್ಪತ್ತನಾಲ್ಕರಲ್ಲಿ ಒಂದು ದಿನ ಪ್ರೊಫೆಸರ್ ವೀರಬಸಪ್ಪನವರು ಓಟ ತೆಗೆಯುತ್ತಿದ್ದಾಗ ಮೂಲೆಯಲ್ಲಿ ಪೊರಕೆ ಹಿಡಿದು ನಿಂತಿದ್ದ ಈಕೆ, “ಸಾಮಿ, ನೀವು ಗೀರು ದಾಟುದ್ಮೇಲೆ ಒತ್ತುದ್ರಿ” ಅಂದರಂತೆ.

“ಸಿಟ್ಟು ಬಂತ್ರೀ ನನಗ,” ಎಂದು ಗದಗಿನ ಕಡೆಯ ವೀರಬಸಪ್ಪನವರು ನಗುತ್ತಾರೆ. “ಹಂಗಾದ್ರ ನೀನ ಒತ್ತು ನೋಡೂಣು ಅಂದು ವಾಚ್ ಕೊಟ್ಟೆ. ಮೂರು ಸಲ ಒಂದ ಅಂಕಿ ತಗದ್ಲು. ನಂದು ಮೂರೂ ಬ್ಯಾರೆ ಬ್ಯಾರೆ ಬಂದಿದ್ವು. ಅವತ್ತಿನಿಂದ ನಾ ವಾಚ್ ಮುಟ್ಟಿಲ್ಲ.”

ನನಗೂ ಒಂದು ಕೈ ನೋಡುವ ಚಪಲ. ಎಂ.ಎ. ಓದಿದವನು, ಕನ್ನಡಕವನ್ನೂ ಒರೆಸಿಕೊಂಡು ಕೂತೆ. ನೂರಾ ಏಳು, ನೂರಾ ಹತ್ತು, ನೂರಾ ಎಂಟು. ಮುನಿಕೆಂಪಮ್ಮ ನನ್ನ ಅಂಕಿಗಳನ್ನು ಬರೆಯುವ ಗೋಜಿಗೇ ಹೋಗಲಿಲ್ಲ.

ನಾನು ನೋಡಿದ ಈ ಕೊಳವೆಯ ಮೇಲೆ ಏಳು ಎಂಬ ಅಂಕಿಯಿದೆ. ಏಳರ ಹಿಂದೆ, ಕೆರೆದು ಅಳಿಸಿದ ನಾಲ್ಕು ಮಸುಕಾಗಿ ಕಾಣುತ್ತದೆ. ಕಳೆದ ವರ್ಷದ ಜಗಳದ ಗುರುತು ಅದು.

ಆಗ ಆರ್.ಟಿ. ನಗರದ ಮುಸರ್ರತ್ ಎಂಬ ಸಂಶೋಧನಾ ವಿದ್ಯಾರ್ಥಿನಿಯ ಪ್ರಬಂಧ ಮುಗಿಯುವ ಹಂತದಲ್ಲಿತ್ತು. ಆಕೆಯ ಅದುವರೆಗಿನ ಅಳತೆಗಳೆಲ್ಲ ನಾಲ್ಕನೇ ಕೊಳವೆಯಲ್ಲಿ ಆಗಿದ್ದವು. ಅದರಲ್ಲಿ ಬರೀ ಟಾಲುಯಿನ್ ಇಳಿಯಲು ನೂರಾ ಹನ್ನೆರಡು ಸೆಕೆಂಡು, ಎರಡು ಗೀರು. ಅದು ಟೈಪೂ ಆಗಿತ್ತು. ಒಂದು ಬೆಳಿಗ್ಗೆ ಮುನಿಕೆಂಪಮ್ಮ ಎಂದಿನಂತೆ ಮೊದಲು ಬರೀ ಟಾಲುಯಿನ್ ಬಿಟ್ಟರೆ ನೂರಾ ಒಂಬತ್ತು, ಒಂದು ಗೀರು. ತೊಳೆದು ಒಣಗಿಸಿ ಮತ್ತೆ ಬಿಟ್ಟರು. ಅದೇ. ಪ್ರೊಫೆಸರರು ಬಂದೊಡನೆ ಹೇಳಿದರು: “ಇದು ನಾಲ್ಕಲ್ಲ.”

ಕೊಳವೆಯ ಮೇಲೆ ನಾಲ್ಕು ಎಂದು ಎದ್ದು ಕಾಣುವಂತೆ ಕೊರೆದಿತ್ತು. ಓದು ಬಾರದವಳು ನಾಲ್ಕಲ್ಲ ಎನ್ನುತ್ತಾಳೆ! ಪ್ರೊಫೆಸರರು ಬೈದರು. ನಿನ್ನ ಕಣ್ಣು ಮಂಜಾಗಿದೆ, ಇಲ್ಲವೇ ನೀನೇ ಕೊಳವೆ ಕೆಡಿಸಿದ್ದೀಯ ಎಂದರು. ಮುನಿಕೆಂಪಮ್ಮ ಸ್ಟಾಪ್‌ವಾಚನ್ನು ಮೇಜಿನ ಮೇಲಿಟ್ಟರು. “ಸುಳ್ಳು ಕೊಳ್ವೇಲಿ ನಾನು ಎಣ್ಸಲ್ಲ ಸಾಮಿ. ಬೇರೇರ್ನ ಕರ್ಕೊಳಿ.” ಹಾಗಾದರೆ ಹೊರಗೆ ಕೂತುಕೋ ಎಂದರು ಪ್ರೊಫೆಸರರು. ಕೂತರು. ಎಂಟು ದಿನ, ಐದೂಮುಕ್ಕಾಲರಿಂದ ಒಂಬತ್ತರವರೆಗೆ, ಬಾಗಿಲ ಬಕೆಟ್ಟಿನ ಪಕ್ಕದಲ್ಲಿ. ಆ ಎಂಟು ದಿನ ಒಂದು ಮಾದರಿಯೂ ಓಡಲಿಲ್ಲ.

ಒಂಬತ್ತನೇ ದಿನ ಅಳುತ್ತ ಬಂದವಳು ಮುಸರ್ರತ್. ಈಗ ಆಕೆ ಡಾ. ಮುಸರ್ರತ್, ಇದೇ ವಿಭಾಗದಲ್ಲಿ ಪಾಠ ಹೇಳುತ್ತಾಳೆ. ಮುಚ್ಚಿಡದೆ ಹೇಳಿದಳು: “ತೊಳೆಯೋವಾಗ ಕೈ ಜಾರಿ ನಾಲ್ಕನೇದು ಒಡ್ದುಹೋಯ್ತು. ಹೊಸದು ಫಾರಿನ್ನಿಂದ ಬರೋಕೆ ಒಂದು ವರ್ಷ. ಬೀರುವಲ್ಲಿ ಅದೇ ಕಂಪನಿದು, ಅದೇ ಸೈಜಿಂದು ಇನ್ನೊಂದಿತ್ತು. ಎರಡೂ ಒಂದೇ ಟೈಮ್ ಓಡುತ್ತೆ ಅಂದ್ಕೊಂಡು ಅದರ ಮೇಲೆ ನಾಲ್ಕು ಅಂತ ಕೊರೆದೆ. ಪಾಲಿಮರ್ ಓದಿದೋಳಿಗೆ ಅಷ್ಟೂ ಗೊತ್ತಾಗ್ಲಿಲ್ಲ ನೋಡಿ.”

ಗೊತ್ತಿದ್ದದ್ದು ಯಾರಿಗೆ? “ಒಂದೇ ಒಟ್ಟೇಲಿ ಉಟ್ಟಿದ ಮಕ್ಳು ಒಂದೇ ತರ ಓಡ್ತಾವಾ?” ಎನ್ನುತ್ತಾರೆ ಮುನಿಕೆಂಪಮ್ಮ. ಒಡೆದದ್ದನ್ನು ಅಂದೇ ಒಪ್ಪಿಕೊಂಡಿದ್ದರೆ ಅದು ಒಂದು ಬೆಳಗಿನ ಕೆಲಸ. ಹೊಸ ಕೊಳವೆಗೆ ಹೊಸ ನಂಬರು ಕೊಟ್ಟು ಅದರದೇ ಹೊತ್ತು ಬರೆದುಕೊಂಡರೆ ಸಾಕಿತ್ತು. ಕೊನೆಗೆ ಮಾಡಿದ್ದೂ ಅದನ್ನೇ. ಆ ದಿನ ಮುನಿಕೆಂಪಮ್ಮ ಸುಮ್ಮನೆ ಎಣಿಸಿಕೊಟ್ಟಿದ್ದರೆ ಉಳಿದ ಹನ್ನೊಂದು ಮಾದರಿಗಳನ್ನು ಒಡೆದ ಕೊಳವೆಯ ನೂರಾ ಹನ್ನೆರಡಕ್ಕೇ ಹೋಲಿಸಿದ ಲೆಕ್ಕ ಸುಳ್ಳಾಗಿ ಅಚ್ಚಾಗುತ್ತಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ.

“ಎಂಟು ದಿನ ಆಕೀನ್ನ ಹೊರಗ ಕುಂದ್ರಿಸಿದ್ದೆ. ಅದನ್ನೂ ಬರೀರಿ, ಬಿಡಬ್ಯಾಡ್ರಿ,” ಎಂದರು ವೀರಬಸಪ್ಪನವರು. ಬರೆದಿದ್ದೇನೆ.

ಇಂಥ ಹೆಂಗಸಿಗೆ ವಿಶ್ವವಿದ್ಯಾಲಯ ಈ ತಿಂಗಳು, ಎಂಬತ್ಮೂರರ ಜುಲೈನಲ್ಲಿ, ಕೊಟ್ಟ ಉಡುಗೊರೆ ಒಂದು ಆದೇಶ. ಏಳನೇ ತರಗತಿ ಪಾಸಾಗದವರು ಪ್ರಯೋಗಾಲಯದ ಉಪಕರಣ ಮುಟ್ಟಕೂಡದು. ಬರುವ ಒಂದನೇ ತಾರೀಕಿನಿಂದ ಮುನಿಕೆಂಪಮ್ಮ ಹಾಸ್ಟೆಲಿನ ಕಸಕ್ಕೆ. ಪ್ರೊಫೆಸರರು ಎರಡು ಪತ್ರ ಬರೆದರು, ಮುಸರ್ರತ್ ಮೂರನೆಯದು ಬರೆದಳು. ನಿಯಮ ನಿಯಮವೇ ಎಂದು ಉತ್ತರ ಬಂತು. ನಿಯಮ ಬರೆದವರಲ್ಲಿ ಒಬ್ಬರೂ ಈ ಬಕೆಟ್ಟಿನಲ್ಲಿ ಕೈ ತೊಳೆದವರಲ್ಲ ಎಂಬುದು ನನ್ನ ಹೊಟ್ಟೆಯುರಿ.

ನಿಮ್ಮ ಮಗಳು ಹೈಸ್ಕೂಲಿನಲ್ಲಿದ್ದಾಳಲ್ಲ, ಆಕೆಯಿಂದ ಅಕ್ಷರ ಕಲಿತು ಪರೀಕ್ಷೆ ಕಟ್ಟಬಾರದೇ ಎಂದು ಕೇಳಿದೆ. ಮುನಿಕೆಂಪಮ್ಮ ನನ್ನನ್ನು ಚೆನ್ನಾಗಿ ದಿಟ್ಟಿಸಿದರು. “ಕಲೀತೀನಿ. ನಂಗೆ ಬೇಕು ಅಂತ ಕಲೀತೀನಿ. ಇವ್ರು ಎದ್ರುಸುದ್ರು ಅಂತ ಕಲಿಯಲ್ಲ. ಒಂಬತ್ತು ವರ್ಸ ನನ್ ಅಂಕಿ ಬೇಕಾಗಿತ್ತು, ಈಗ ನಾನು ಬ್ಯಾಡ್ವಾ?”

ಆದೇಶ ತಲುಪಿದೆ ಎಂದು ಅವರು ಹೆಬ್ಬೆಟ್ಟು ಒತ್ತಬೇಕು. ಒತ್ತಿದರೆ ಒಪ್ಪಿದಂತೆ. ಎಂಟು ಗಂಟೆಗೆ ಕಚೇರಿಯ ಜವಾನ ಮಜೀದ್ ಆ ಕಾಗದ, ಮಸಿಯ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತರು. ಹೀಗೆ ಬರುತ್ತಿರುವುದು ಮೂರನೇ ಸಲವಂತೆ. ಒಳಗೆ ಕಾಲಿಡಲಿಲ್ಲ, ಅವರಿಗೂ ಕಟ್ಟಳೆ ಗೊತ್ತು.

“ಅಕ್ಕಾ, ಇವತ್ತಾದ್ರೂ ಒತ್ತಿಬಿಡಿ. ಮೇಲಿನೋರು ನನ್ನ ಬೈತಾರೆ.”

ಮುನಿಕೆಂಪಮ್ಮ ಕೂತಲ್ಲಿಂದಲೇ ಎರಡೂ ಕೈ ಎತ್ತಿ ತೋರಿಸಿದರು. ಸೀಗೆಪುಡಿಗೆ ಬೆಳ್ಳಗಾಗಿ ನಿರಿಗೆಗಟ್ಟಿದ ಬೆರಳುಗಳು. “ನೋಡು ಮಜೀದಣ್ಣ, ಇನ್ನ ನಾಕು ಓಟ ಐತೆ. ಈ ಎಬ್ಬೆಟ್ಟಿಗೆ ಮಸಿ ಮೆತ್ಕೊಂಡು ಕೊಳ್ವೆ ಮುಟ್ಟಾಕಾಯ್ತದಾ?”

“ನಾಳೆ ಬರ್ಲಾ ಹಾಗಾದ್ರೆ?”

“ನಾಳೀಕೂ ಮೂವತ್ತು ಓಟ ಐತೆ.”

ಮಜೀದ್ ಡಬ್ಬಿಯ ಮುಚ್ಚಳ ಮುಚ್ಚಿದರು. ಅವರ ಮುಖದಲ್ಲಿ ನಗು ಇತ್ತೆಂದು ನಾನು ಬರೆದರೆ ಅವರ ಕೆಲಸಕ್ಕೆ ಸಂಚಕಾರ, ಆದ್ದರಿಂದ ಇರಲಿಲ್ಲ. ಮುನಿಕೆಂಪಮ್ಮ ಬುರುಡೆ ಅದುಮಿ ದ್ರವವನ್ನು ಮೇಲಕ್ಕೆಳೆದರು. ಗೀರಿನ ಮೇಲಿಂದ ಕಣ್ಣು ತೆಗೆಯದೆ, ಬಾಗಿಲ ಕಡೆಗೆ ಇಷ್ಟು ಅಂದರು:

“ಎಬ್ಬೆಟ್ಟು ಬೇಕಾದೋರ್ನ ಐದೂಮುಕ್ಕಾಲಿಗೆ ಇಲ್ಲಿಗೇ ಬರಾಕೇಳು. ಮೂರು ಸಲ ಒಂದೇ ಅಂಕಿ ತಗೀಲಿ, ನಾನೇ ಮಸಿ ತಂದು ಒತ್ತುತೀನಿ. ಬರೋವಾಗ ಕೈ ತೊಳ್ಕೊಂಡು ಬರಾಕೇಳು.”