ಕಾಲಕ್ಕನ ವೀಸಾ

ಆಸ್ಪತ್ರೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಹತ್ತೊಂಬತ್ತು ವರ್ಷ ಕೃತಕ ಕಾಲು ಮಾಡಿದವಳಿಗೆ ಜನ ಇಟ್ಟ ಹೆಸರು ಕಾಲಕ್ಕ. ಮೊಂಡುಗಾಲಿಗೆ ಪ್ಲಾಸ್ಟರ್ ಸುತ್ತಿ ಅಚ್ಚು ತೆಗೆಯುವುದು, ಕಾಯಿಸಿದ ಪ್ಲಾಸ್ಟಿಕ್ ಹಾಳೆಯನ್ನು ಅದರ ಮೇಲೆ ಎಳೆಯುವುದು, ಅಂಚನ್ನು ಅರದಿಂದ ಉಜ್ಜಿ ನುಣುಪು ಮಾಡುವುದು, ಎಲ್ಲ ಅವಳಿಗೆ ನೀರು ಕುಡಿದಷ್ಟು ಸಲೀಸು. ಆದರೆ ಕೈ ಕಳೆದುಕೊಂಡವರು ಬಂದರೆ ಅವಳ ಬಳಿ ಕೊಡಲು ಏನೂ ಇರುತ್ತಿರಲಿಲ್ಲ. ಯಂತ್ರಕ್ಕೆ ಬಲಗೈ ಸಿಕ್ಕಿಸಿಕೊಂಡ ಪ್ರೆಸ್ಸಿನ ಕೆಲಸಗಾರನೊಬ್ಬ ಒಂದು ದಿನ, "ಅಕ್ಕಾ, ಒಂದು ಲೋಟ ಹಿಡಿಯೋ ಹಾಗಿದ್ರೆ ಸಾಕು" ಅಂದ. ಕೈ ಮಾಡುವುದನ್ನು ಕಲಿಯಬೇಕೆಂದು ಅವಳು ಅವತ್ತೇ ಅರ್ಜಿ ಬರೆದಳು.

ಸಮುದ್ರದಾಚೆಯ ಕಾಲೇಜೊಂದು ಕೃತಕ ಕೈ ಮಾಡುವ ಒಂದು ವರ್ಷದ ಕೋರ್ಸಿಗೆ ಅವಳನ್ನು ತೆಗೆದುಕೊಂಡಿತು. ಖರ್ಚೆಲ್ಲ ಅವರದೇ. ಆಗ ಅವಳಿಗೆ ನಲವತ್ಮೂರು.

ಆ ದೇಶದ ರಾಯಭಾರ ಕಚೇರಿ ಇವರ ದೇಶದಲ್ಲಿ ಇರಲಿಲ್ಲ. ವೀಸಾ ಬೇಕೆಂದರೆ ಗಡಿ ದಾಟಿ, ಬಸ್ಸಿನಲ್ಲಿ ಎರಡು ದಿನ ಕೂತು, ಪಕ್ಕದ ದೇಶಕ್ಕೆ ಹೋಗಬೇಕು. ಜೊತೆಗೆ ಗ್ಯಾರೇಜಿನ ಕೆಲಸಕ್ಕೆ ರಜೆ ಹಾಕಿ ತಮ್ಮ ಬಂದ. ಕಿಟಕಿಯ ಮುಂದೆ ಅವಳು ನಿಂತದ್ದು ಮೂರು ನಿಮಿಷ. ನಾಲ್ಕು ದಿನಕ್ಕೆ ಪತ್ರ ಕೈಗೆ ಬಂತು: ಈ ವಯಸ್ಸಿನಲ್ಲಿ ಓದುವ ಉದ್ದೇಶ ನಂಬಲರ್ಹವಲ್ಲ, ಓದು ಮುಗಿದ ಮೇಲೆ ಸ್ವದೇಶಕ್ಕೆ ಮರಳುವ ಭರವಸೆ ಇಲ್ಲ.

"ನಂಬಲರ್ಹವಲ್ಲ ಅಂತೆ!" ಅವಳು ಫುಟ್‌ಪಾತಿನಲ್ಲೇ ಕೂಗಿದಳು. "ನನ್ನನ್ನ ಕಳ್ಳಿ ಅಂತಿದ್ದಾರಲ್ಲೋ!"

"ಬಿಡಕ್ಕ. ದೊಡ್ಡವರ ಹತ್ರ ಏನು ಜಗಳ?"

"ನಿನ್ನ ಗ್ಯಾರೇಜಿನಲ್ಲಿ ಬೋಲ್ಟು ತಿರುಗದಿದ್ರೆ ಗಾಡಿ ಬಿಟ್ಟು ಮನೆಗೆ ಹೋಗ್ತೀಯಾ?"

ತಮ್ಮ ಬಸ್‌ಸ್ಟ್ಯಾಂಡಿನ ದಾರಿ ಹಿಡಿದ.

ಎರಡನೇ ಸಲ ಅವಳು ಸುಮ್ಮನೆ ಹೋಗಲಿಲ್ಲ. ಆಸ್ಪತ್ರೆಯ ಮುಖ್ಯಸ್ಥರ ಪತ್ರ, ಅವಳ ಕೆಲಸ ಕಾದಿರಿಸುತ್ತೇವೆಂಬ ಭರವಸೆ, ಅವಳಿಂದ ಕಾಲು ಹಾಕಿಸಿಕೊಂಡ ಮಕ್ಕಳ ಪಟ್ಟಿ, ಎಲ್ಲವನ್ನೂ ಒಂದು ಫೈಲಿಗೆ ಹೊಲಿದಿದ್ದಳು. ಗಾಜಿನ ಹಿಂದಿದ್ದ ಅಧಿಕಾರಿ ಫೈಲಿನ ದಾರ ಬಿಚ್ಚಲೇ ಇಲ್ಲ. ಪಕ್ಕದಲ್ಲಿದ್ದ ದುಭಾಷಿ ಹುಡುಗಿ ಅವನ ಮಾತನ್ನು ಇವಳಿಗೆ ತಲುಪಿಸುತ್ತಿದ್ದಳು.

"ಗಂಡ ಇದ್ದಾರಾ ಅಂತ ಕೇಳ್ತಿದ್ದಾರೆ."

"ತೀರಿಹೋಗಿ ಹನ್ನೊಂದು ವರ್ಷ ಆಯ್ತು."

"ಮಕ್ಕಳು?"

"ಇಲ್ಲ."

"ಹಾಗಿದ್ರೆ ನೀವು ವಾಪಸ್ ಬರೋದಕ್ಕೆ ಕಾರಣ ಏನಿದೆ ಅಂತಾರೆ."

ಕಾಲಕ್ಕನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಬೆಂಕಿ ಹತ್ತಿತು. ಗಂಡ ಸತ್ತದ್ದೂ ಮಕ್ಕಳಾಗದ್ದೂ ಇವನ ಲೆಕ್ಕದಲ್ಲಿ ಅವಳ ಮೇಲಿನ ಆರೋಪಗಳು!

"ಅವರಿಗೆ ಹೇಳಮ್ಮ," ಅಂದಳು. "ಒಂದಕ್ಷರ ಬಿಡಬೇಡ. ಆ ಪಟ್ಟೀಲಿ ಅರವತ್ತೆರಡು ಮಕ್ಕಳಿದ್ದಾರೆ. ಮಕ್ಕಳು ಬೆಳೀತಾರೆ, ನಾನು ಮಾಡಿದ ಕಾಲು ಬೆಳೆಯಲ್ಲ. ವರ್ಷಕ್ಕೊಂದು ಹೊಸದು ಬೇಕು. ನಾನು ಬರದಿದ್ರೆ ಅವರು ಕುಂಟ್ತಾರೆ. ಕಾರಣ ಸಾಕಾ, ಇನ್ನೂ ಬೇಕಾ?"

ದುಭಾಷಿ ಎರಡೇ ವಾಕ್ಯ ಹೇಳಿದಳು. ಹೇಳಿದ್ದು ಅಷ್ಟು, ದಾಟಿಸಿದ್ದು ಇಷ್ಟು. ಅಧಿಕಾರಿ ತಲೆ ಎತ್ತದೆ ಏನೋ ಟೈಪ್ ಮಾಡಿ, "ತಿಳಿಸ್ತೀವಿ" ಅಂತ ದುಭಾಷಿಯಿಂದ ಹೇಳಿಸಿದ.

ತಿಳಿಸಲು ಹನ್ನೊಂದು ವಾರ ತೆಗೆದುಕೊಂಡರು. ಪಾಸ್‌ಪೋರ್ಟ್ ಅವರ ಬಳಿಯೇ ಇತ್ತು. ಅಷ್ಟರಲ್ಲಿ ಅಲ್ಲಿ ತರಗತಿ ಶುರುವಾಯಿತು. ಕೊನೆಗೆ ಬಂದ ಲಕೋಟೆಯಲ್ಲಿ ಮೊದಲಿನದೇ ಪತ್ರ, ತಾರೀಖು ಮಾತ್ರ ಬೇರೆ. ಜೊತೆಗೆ ವಾಪಸ್ ಬಂದ ಫೈಲಿನ ದಾರ ಹೊಲಿದ ಹಾಗೇ ಇತ್ತು. ಅದನ್ನು ನೋಡಿದ ಮೇಲೆ ಎರಡು ದಿನ ಅವಳ ಶೆಡ್ಡಿನಲ್ಲಿ ಅರ ಉಜ್ಜುವ ಸದ್ದು ಕೇಳಿದರೇ ಜನ ದೂರ ಸರಿಯುತ್ತಿದ್ದರು.

"ಇನ್ನೊಂದು ಮದುವೆ ಮಾಡಿಬಿಡೋಣ ಅಕ್ಕ, ವೀಸಾಕ್ಕಾದ್ರೂ ಆಗುತ್ತೆ," ಅಂತ ತಮ್ಮ ನಗಿಸಲು ನೋಡಿ ಬೈಸಿಕೊಂಡ.

ಕಾಲೇಜಿನವರು ದೊಡ್ಡ ಮನಸ್ಸು ಮಾಡಿ ಸೀಟನ್ನು ಮುಂದಿನ ವರ್ಷಕ್ಕೆ ಹಾಕಿದರು. ಮೂರನೇ ಸಲ ಹೊರಟಾಗ ಅವಳು ಪಟ್ಟಿ ಬಿಟ್ಟಳು, ಮುಖ್ಯಸ್ಥರ ಪತ್ರ ಬಿಟ್ಟಳು. ಓದದವರಿಗೆ ಯಾಕೆ ಹೊತ್ತೊಯ್ಯಬೇಕು? ಕೇಳಿದ ಕಾಗದವಷ್ಟೇ ಒಯ್ದಳು. ಕಿಟಕಿಯ ಹಿಂದೆ ಬೇರೆ ಅಧಿಕಾರಿ, ನೆಗಡಿ ಹಿಡಿದ ಹೆಂಗಸು. ಯಾವ ಕೋರ್ಸು ಅಂದಳು. ಎಷ್ಟು ದಿನ ಅಂದಳು. ಸೀನಿದಳು.

"ಆಯ್ತು, ಮಂಜೂರಾಗಿದೆ," ಅಂದಳು ದುಭಾಷಿ. ಈ ಸಲ ನಕ್ಕಳು ಕೂಡ.

ಕಾಲಕ್ಕ ಕದಲಲಿಲ್ಲ. "ಅದೇ ನಾನು, ಅದೇ ಕೋರ್ಸು. ಹೋದ ವರ್ಷ ನಾನು ಮಾಡಿದ ತಪ್ಪೇನು ಅಂತ ಕೇಳಮ್ಮ."

ದುಭಾಷಿ ಕೇಳಲಿಲ್ಲ. ಸಣ್ಣ ದನಿಯಲ್ಲಿ, "ಅವರಿಗೂ ಗೊತ್ತಿರಲ್ಲ ಅಕ್ಕ. ಅವತ್ತು ಬೇರೆಯವರಿದ್ರು. ಹೊರಡಿ, ಹಿಂದೆ ಜನ ಇದ್ದಾರೆ," ಅಂದಳು.

ಹಿಂದೆ ನಿಜವಾಗಿಯೂ ಜನ ಇದ್ದರು. ಎದೆಗೆ ಫೈಲು ಒತ್ತಿಕೊಂಡು, ತುಟಿಯಲ್ಲೇ ಉತ್ತರ ಬಾಯಿಪಾಠ ಮಾಡುತ್ತಾ. ಅವರ ಮುಖ ನೋಡಿ ಅವಳ ಕೋಪ ಇಮ್ಮಡಿಯಾಯಿತು. ಹೊರಗೆ ತಮ್ಮ ಕುಣಿದಾಡುತ್ತಿದ್ದರೆ ಅವಳು ಅವನನ್ನು ದಾಟಿ ಬಸ್‌ಸ್ಟ್ಯಾಂಡಿನ ಕಡೆ ನಡೆದುಬಿಟ್ಟಳು.

ಅವಳು ಹೋದಳು, ಕಲಿತಳು, ಪರೀಕ್ಷೆ ಮುಗಿದ ವಾರವೇ ವಾಪಸ್ ಬಂದಳು. ಪ್ರೆಸ್ಸಿನ ಕೆಲಸಗಾರನನ್ನು ಹುಡುಕಿಸಿದಳು. ಒಂದು ವರ್ಷ ತಡವಾಗಿತ್ತು. ಅವನು ಕೆಲಸ ಸಿಗದೆ ಊರು ಬಿಟ್ಟಿದ್ದ, ವಿಳಾಸ ಯಾರಿಗೂ ಗೊತ್ತಿರಲಿಲ್ಲ. ಮೊದಲ ಕೈ ಬೇರೆಯವರಿಗೆ ಹೋಯಿತು.

ಈಗಲೂ ಯಾರಾದರೂ, "ಹೇಗೋ ವೀಸಾ ಸಿಕ್ತಲ್ಲ, ಹಳೇದೆಲ್ಲ ಯಾಕೆ?" ಅಂದರೆ ಕಾಲಕ್ಕ ಕೈಯಲ್ಲಿದ್ದ ಅರ ಮೇಜಿನ ಮೇಲೆ ಕುಕ್ಕಿ ಕೇಳುತ್ತಾಳೆ: "ಆ ಪ್ರೆಸ್ಸಿನವನಿಗೆ ಏನು ಸಿಕ್ತು, ಹೇಳಿ ನೋಡೋಣ."