ಖಲೀಲಣ್ಣನ ರೋಜಾದ ಮೇಲೆ ನಾನು ಹೊರಿಸಿದ್ದು

ಖಲೀಲಣ್ಣ, ಅವತ್ತು ನೀವು ನಿದ್ದೆ ಮಾಡಿರಲಿಲ್ಲ. ಗಾಡಿ ಮಗುಚಿದ್ದು ನನ್ನ ಕೆಲಸದಿಂದ. ಅದು ನನಗೆ ಅವತ್ತೇ ಗೊತ್ತಿತ್ತು — ಗೊತ್ತಿದ್ದೂ ನಿಮ್ಮ ರೋಜಾ ಉಪವಾಸದ ಮೇಲೆ ಹಾಕಿದೆ. ಆಮೇಲೆ ಇನ್ನೊಂದು ರಂಜಾನ್ ಬಂತು. ನಾನು ಬಾಯಿ ಬಿಡಲಿಲ್ಲ.

ನಿಮಗೆ ಗೊತ್ತಿಲ್ಲದ್ದನ್ನು ಮೊದಲಿನಿಂದ ಹೇಳಬೇಕು. ನಾನು ದಿನವೂ ಬರೆದಿಡುವವನು. ಡೀಸೆಲ್ಲು, ಕಿಲೋಮೀಟರು, ಮಳೆ, ಡೇರಿಗೆ ಹಾಕಿದ ಹಾಲು — ಎಲ್ಲಕ್ಕೂ ನನ್ನ ಹತ್ತಿರ ಒಂದೊಂದು ಸಾಲು ಇದೆ. ಆ ಅಭ್ಯಾಸವನ್ನು ಹೊಗಳಿದವರಲ್ಲಿ ನೀವೂ ಒಬ್ಬರು. ತಪ್ಪು ಹುಟ್ಟಿದ್ದು ಅಲ್ಲಿಯೇ.

ಪಿಕಪ್ಪಿನ ಮೇಲೆ ಪೆಟ್ಟಿಗೆಮನೆ ಕೂರಿಸಿ ಪ್ರವಾಸಿಗರನ್ನು ಸುತ್ತಾಡಿಸಬೇಕೆಂಬುದು ನನ್ನ ಆಸೆಯಾಗಿತ್ತು. ಇಬ್ಬರು ಮಲಗುವ ಹಾಸಿಗೆ, ಒಲೆ, ನೀರಿನ ಟ್ಯಾಂಕು ಇರುವ ಪುಟ್ಟ ಕೋಣೆ ಅದು. ಶ್ರೀರಂಗಪಟ್ಟಣದ ನಮ್ಮ ಶೆಡ್ಡಿನಲ್ಲಿ ನಾಲ್ಕು ಕಬ್ಬಿಣದ ಕಾಲಿನ ಮೇಲೆ ನಿಂತಿರುತ್ತಿತ್ತು. ಗಿರಾಕಿ ಬಂದಾಗ ನೀವು ಗಾಡಿಯನ್ನು ಅದರಡಿಗೆ ಹಿಂದಕ್ಕೆ ನುಗ್ಗಿಸಿ, ಕಾಲುಗಳನ್ನು ಮೇಲೆತ್ತಿ, ಬೋಲ್ಟು ಬಿಗಿದು ಹೊರಡುತ್ತಿದ್ದಿರಿ. ಉಳಿದ ದಿನ ಪೆಟ್ಟಿಗೆ ಇಳಿಸಿ ಅದೇ ಗಾಡಿಯಲ್ಲಿ ತರಕಾರಿ ಲೋಡು ಹೊಡೆಯುತ್ತಿದ್ದಿರಿ. ನಾಗಮಂಗಲದ ಟೀ ಅಂಗಡಿಯ ಮುಂದೆ ಒಬ್ಬ ಮುದುಕ ಕೂಗಿದ್ದ: "ಏನ್ಲಾ ಇದು, ಬಸವನುಳ ಇದ್ದಂಗೆ ಮನೇನೇ ಬೆನ್ಮ್ಯಾಲೆ ಒತ್ಕಂಡು ಓಯ್ತಾವ್ರೆ!" ನೀವು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಮನೆ ಓನರ್ ಕಾಟ ಇಲ್ಲ ಕಣ್ ತಾತೋ! ಅಕ್ಕಪಕ್ಕದೋರ್ ಸರಿ ಇಲ್ದಿದ್ರೆ ಮನೆ ಎತ್ಕಂಡು ಓಯ್ತಾ ಇರೋದೇ" ಅಂದಿದ್ದಿರಿ.

ಆದರೆ ಪೆಟ್ಟಿಗೆ ಕೂತರೆ ಗಾಡಿಯ ಹಿಂಭಾಗ ಕುಸಿಯುತ್ತಿತ್ತು. ಮೂತಿ ಮೇಲೆದ್ದು ಸ್ಟೇರಿಂಗು ಹಗುರಾಗುತ್ತಿತ್ತು; ಹೆಡ್‌ಲೈಟು ರಸ್ತೆ ಬಿಟ್ಟು ಮರದ ಕೊಂಬೆಗೆ ಬೀಳುತ್ತಿತ್ತು. ಅದಕ್ಕೆಂದೇ ರಬ್ಬರಿನ ಗಾಳಿಚೀಲ ತರಿಸಿ, ಹಿಂದಿನ ಸ್ಪ್ರಿಂಗ್ ಪ್ಲೇಟಿಗೂ ಚಾಸಿಗೂ ನಡುವೆ ನಾನೇ ಕೂರಿಸಿದೆ — ಎಡಕ್ಕೊಂದು, ಬಲಕ್ಕೊಂದು. ಗಾಳಿ ತುಂಬಿದರೆ ಕುಸಿದ ಭಾಗ ಸಮಕ್ಕೆ ಏಳುತ್ತದೆ. ಒಂದೊಂದಕ್ಕೂ ಬೇರೆ ಪೈಪು, ಒತ್ತಡ ನೋಡಲು ಬೇರೆ ಗೇಜು. ಮೊದಮೊದಲು ಹಾಗೆಯೇ ಇತ್ತು. ಗಾಡಿಯೂ ಚೆನ್ನಾಗಿ ಓಡುತ್ತಿತ್ತು.

ನೀರಿನ ಟ್ಯಾಂಕು ಇದ್ದದ್ದು ಎಡಗಡೆ. ಹಾಗಾಗಿ ಎಡಚೀಲಕ್ಕೆ ಹೆಚ್ಚು ಗಾಳಿ ಬೇಕು, ಬಲಕ್ಕೆ ಕಡಿಮೆ. ನೀರು ಖರ್ಚಾದರೆ ಆ ಲೆಕ್ಕವೂ ಬದಲು. ಬೆಳಗಾದರೆ ಒಂದಕ್ಕೊಂದು ಹೊಂದದ ಎರಡು ಅಂಕಿ ಬರೆಯುವುದು ನನಗೆ ಕಿರಿಕಿರಿಯಾಗುತ್ತಿತ್ತು. ಬೇರೆ ಕಾರಣವಿದ್ದಿದ್ದರೆ ಅದನ್ನೇ ಹೇಳುತ್ತಿದ್ದೆ, ಅಣ್ಣ — ಇರಲಿಲ್ಲ. ಒಂದೇ ಅಂಕಿ ಬೇಕಿತ್ತು, ಅಷ್ಟೇ. ಎರಡು ಪೈಪನ್ನೂ ಮೂರು ಬಾಯಿಯ ಒಂದು ಟೀ ಜಾಯಿಂಟಿಗೆ ಸೇರಿಸಿ ಒಂದೇ ಗೇಜಿಗೆ ಕೊಟ್ಟೆ. ಹಾಗೆ ಮಾಡಕೂಡದು ಎಂದು ಚೀಲದ ಜೊತೆ ಬಂದ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿತ್ತು. ತಿರುವಿನಲ್ಲಿ ಭಾರ ಒಂದು ಪಕ್ಕಕ್ಕೆ ಬಿದ್ದಾಗ ಆ ಪಕ್ಕದ ಗಾಳಿ ಇನ್ನೊಂದು ಚೀಲಕ್ಕೆ ನುಗ್ಗುತ್ತದೆ. ಭಾರ ತಡೆಯಬೇಕಾದ ಚೀಲ ಸೋಲುತ್ತದೆ, ಎದುರಿನದು ಉಬ್ಬುತ್ತದೆ, ಗಾಡಿ ಇನ್ನಷ್ಟು ವಾಲುತ್ತದೆ. ಓದಿದ್ದೆ. ಅರ್ಥವೂ ಆಗಿತ್ತು. ನಮ್ಮ ರಸ್ತೆಗೆ ಇಷ್ಟೆಲ್ಲ ಏಕೆ ಎಂದು ಹಾಳೆ ಮಡಚಿಟ್ಟೆ.

ನಿಮ್ಮ ಕೈಗೆ ಮೊದಲ ದಿನವೇ ಅದು ಗೊತ್ತಾಯಿತು.

"ತಮ್ಮಾ, ಏನ್ಲಾ ಮಾಡಿದ್ದೀಯಾ ಇದ್ಕೆ? ತಿರುವ್ನಾಗೆ ತೊಟ್ಲು ತೂಗ್ದಂಗೆ ತೂಗ್ತದೆ."

"ತೂಗ್ಲಿ ಬುಡಿ ಅಣ್ಣ, ಗಿರಾಕಿಗಳು ಸಂದಾಗಿ ಮಲೀಕತಾರೆ."

"ಅವ್ರು ಮಲೀಕತಾರೆ ಕಣ್ಲಾ, ನನ್ ರಟ್ಟೆ ಬಿದ್ದೋಯ್ತದೆ" ಎಂದು ನಕ್ಕಿರಿ. ಮತ್ತೆ ಕೇಳಲಿಲ್ಲ. ನಾನು ಮಾಡಿದ್ದೆಂದರೆ ಸರಿಯಾಗಿಯೇ ಇರುತ್ತದೆ ಎಂದು ನಂಬಿದ್ದಿರಿ —

ಅವತ್ತು ಗೋವಿಂದನಹಳ್ಳಿಯ ದೇವಸ್ಥಾನ ನೋಡಿದ ಗಂಡ ಹೆಂಡತಿಯನ್ನು ಕಿಕ್ಕೇರಿಯಲ್ಲಿ ಬಸ್ಸು ಹತ್ತಿಸಿ ನೀವೊಬ್ಬರೇ ವಾಪಸಾಗುತ್ತಿದ್ದಿರಿ. ರಂಜಾನಿನ ಮಧ್ಯಾಹ್ನ. ಕ್ಯಾತನಹಳ್ಳಿಯ ಹತ್ತಿರ ತಿರುವಿನಲ್ಲಿ ಕಬ್ಬಿನ ಟ್ರಾಕ್ಟರು ಎದುರಾಯಿತು. ನೀವು ಎಡಕ್ಕೆ ಎಳೆದುಕೊಂಡು ಮತ್ತೆ ರಸ್ತೆಗೆ ತಿರುಗಿಸಿದಿರಿ. ಎಡಕ್ಕೆ ವಾಲಿದ ಪೆಟ್ಟಿಗೆ ಮೇಲೇಳಲೇ ಇಲ್ಲ. ಗಾಡಿ ಪಕ್ಕದ ಗದ್ದೆಗೆ ಮಗುಚಿತು.

ಫೋನು ಬಂದು ನಾನು ಬೈಕಿನಲ್ಲಿ ತಲುಪುವಷ್ಟರಲ್ಲಿ ನಿಮ್ಮನ್ನು ಹೊರಗೆಳೆದು ಬದುವಿನ ಮೇಲೆ ಕೂರಿಸಿದ್ದರು. ಭುಜದ ಮೂಳೆ ಮುರಿದಿತ್ತು. ಯಾರೋ ನೀರಿನ ಬಾಟಲಿ ಹಿಡಿದರೂ ನೀವು ತುಟಿಗೆ ತಾಗಿಸಲಿಲ್ಲ. ನನ್ನನ್ನು ಕಂಡು ಕೇಳಿದಿರಿ — "ಏನಾಯ್ತು ಅಂತ್ಲೇ ಗೊತ್ತಾಯ್ತಿಲ್ಲ ಕಣ್ಲಾ. ಎಚ್ರವಾಗೇ ಇದ್ದೆ ಅನ್ಕಂಡಿದ್ದೆ... ಕಣ್ ಮುಚ್ಬುಟ್ನಾ ನಾನು?"

ಮಗುಚಿದ ಗಾಡಿಯ ಹೊಟ್ಟೆ ನನಗೆ ಎದುರಾಗಿ ಕಾಣುತ್ತಿತ್ತು. ಎಡದ ಚೀಲ ಮಡಚಿಕೊಂಡಿತ್ತು, ಬಲದ್ದು ಉಬ್ಬಿತ್ತು. ನಡುವೆ ನನ್ನ ಟೀ ಜಾಯಿಂಟು. ಒಂದು ಮಾತು ಸಾಕಿತ್ತು. ನಾನು ಹೇಳಿದ್ದು ಇದು:

"ರೋಜಾ ಇತ್ತಲ್ಲ ಅಣ್ಣ. ಒಂದ್ಗಳಿಗೆ ಕಣ್ ಅತ್ಬುಟ್ಟಿರ್ಬೇಕು."

ಟ್ರಾಕ್ಟರಿನವನು, "ಅಂಗೇ ಇರ್ಬೇಕು ಬುಡಿ, ಬಿಸ್ಲು ಬ್ಯಾರೆ" ಎಂದ. ಸುತ್ತಲಿದ್ದವರು ತಲೆಯಾಡಿಸಿದರು. ನೀವು ಮಾತ್ರ ತಲೆ ತಗ್ಗಿಸಿದಿರಿ. ನಿಮ್ಮ ಕೈ ಏನು ಮಾಡಿತ್ತೆಂದು ನಿಮಗೆ ಗೊತ್ತಿತ್ತು. ಆದರೂ ನಿಮಗಿಂತ ನನ್ನನ್ನು ಹೆಚ್ಚು ನಂಬಿದಿರಿ.

ಆಸ್ಪತ್ರೆಯ ಹೊರಗೆ ನಿಮ್ಮ ತಾಯಿ ನನ್ನ ಕೈ ಹಿಡಿದುಕೊಂಡರು. "ಸಹರಿಗೆ ಇನ್ನೊಂದ್ ರೊಟ್ಟಿ ತಿನ್ನು ಅಂದೆ ಬೇಟಾ, ಕೇಳ್ಳಿಲ್ಲ. ಬಲವಂತ ಮಾಡ್ಬೇಕಿತ್ತು ನಾನು" ಎಂದು ಅತ್ತರು. ಬೆಳಗಿನ ಜಾವ ಎದ್ದು ಮಗನಿಗೆ ಬಡಿಸಿದ ಕೈ ಅದು.

ಆ ವಾರವೇ ಟೀ ಜಾಯಿಂಟು ಕತ್ತರಿಸಿ ಎಸೆದು ಪೈಪುಗಳನ್ನು ಮತ್ತೆ ಬೇರೆ ಮಾಡಿದೆ. ಗಾಡಿ ರಿಪೇರಿಯಾದ ಮೇಲೆ ಪೆಟ್ಟಿಗೆ ಹೊರಿಸಿ ಅದೇ ತಿರುವಿನಲ್ಲಿ ನಾನೇ ಓಡಿಸಿ ನೋಡಿದೆ. ಅಲುಗಲಿಲ್ಲ. ಈಗ ಬೇರೆ ಡ್ರೈವರ್ ಇದ್ದಾನೆ, ಗಾಡಿಯನ್ನು ಹೊಗಳುತ್ತಾನೆ. ಟ್ರಾಕ್ಟರು ಅಡ್ಡ ಬಂದಿತ್ತು, ಹೇಗಿದ್ದರೂ ಬೀಳುತ್ತಿತ್ತೇನೋ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡೆ — ಇರಬಹುದು. ಆದರೆ ಆ ಬದುವಿನ ಮೇಲೆ ಆಡಿದ ಮಾತನ್ನು ಯಾವ ಟ್ರಾಕ್ಟರೂ ನನ್ನ ಬಾಯಿಗೆ ತಂದು ಹಾಕಿರಲಿಲ್ಲ.

ನೀವು ಮತ್ತೆ ಸ್ಟೇರಿಂಗು ಮುಟ್ಟಲಿಲ್ಲ. ಭುಜ ಕೂಡಿತು ಎಂದು ಡಾಕ್ಟರು ಹೇಳಿದರೂ ಮುಟ್ಟಲಿಲ್ಲ. ಪಾಂಡವಪುರದಲ್ಲಿ ನಿಮ್ಮ ಭಾವನ ಹಿಟ್ಟಿನ ಗಿರಣಿಯಲ್ಲಿ ಕೂತಿರಿ. ಈ ರಂಜಾನಿನಲ್ಲಿ ನಾನು ರಾಗಿ ಬೀಸಿಸಲು ಬಂದಾಗ, ಎದುರಿನ ಸ್ಟ್ಯಾಂಡಿನ ಆಟೋದವರಿಗೆ ನೀವು ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು: "ರೋಜಾ ಇಟ್ಕಂಡು ಗಾಡಿ ಮುಟ್ಬ್ಯಾಡ್ರಲಾ. ನನ್ನೇ ನೋಡ್ರಿ, ಅಲ್ಲಾ ಕಾಪಾಡ್ದ. ಇಲ್ದಿದ್ರೆ ಟ್ರಾಕ್ಟರಿನೋನ್ನ ಕೊಂದಾಕ್ಬುಡ್ತಿದ್ದೆ." ನೀವು ನನ್ನ ಸುಳ್ಳನ್ನು ಬುದ್ಧಿಮಾತು ಮಾಡಿ ಹಂಚುತ್ತಿದ್ದಿರಿ. ನನ್ನ ರಾಗಿಯನ್ನು ಮಾತ್ರ ಸಾಲು ತಪ್ಪಿಸಿ ಮೊದಲು ಬೀಸಿಕೊಟ್ಟಿರಿ.

ಇದನ್ನೆಲ್ಲ ಬರೆದ ಈ ಹಾಳೆಗಳನ್ನು ನಿಮ್ಮ ಕೈಗೆ ತುರುಕಿ ಓಡಿಬರುವುದು ಸುಲಭ. ನಿಮ್ಮೊಬ್ಬರನ್ನೇ ಪಕ್ಕಕ್ಕೆ ಕರೆದು ಪಿಸುಗುಟ್ಟುವುದೂ ಸುಲಭ. ಬದುವಿನ ಮೇಲೆ ಹತ್ತು ಜನರ ನಡುವೆ ಹೇಳಿದ್ದನ್ನು ಒಂಟಿಯಾಗಿ ಹಿಂದಕ್ಕೆ ತೆಗೆದುಕೊಳ್ಳಲಾಗದು. ನಾಳೆ ಬೆಳಿಗ್ಗೆ ಮೊದಲು ನಿಮ್ಮ ಮನೆಗೆ ಹೋಗಿ ನಿಮ್ಮ ತಾಯಿಗೆ ಹೇಳುತ್ತೇನೆ. ಅಲ್ಲಿಂದ ಗಿರಣಿಗೆ ಬರುತ್ತೇನೆ. ನೀವು ಹೊಡೆದರೆ ಹೊಡೆಸಿಕೊಳ್ಳುತ್ತೇನೆ. ಒಂದೂ ಮಾತಾಡದೆ ಒಳಗೆ ಹೋದರೂ — ಎದುರಿನ ಆಟೋ ಸ್ಟ್ಯಾಂಡಿಗೆ ದಾಟಿ, ಅವರಿಗೆ ಪೂರ್ತಿ ಹೇಳಿಯೇ ಹೊರಡುತ್ತೇನೆ.