ಡ್ರಾಸೆರಾ ಕಾಯಲು ಇಟ್ಟ ಮೂರು ಕಲ್ಲು

ನಮ್ಮ ವಂಶದಲ್ಲಿ ಪದವಿ ಪಡೆದವನು ನಾನೇ ಮೊದಲು. ಹೋಳೂರು ಕಡೆಯ ರಾಗಿಹೊಲ ಬಿಟ್ಟು ದಿನಾ ಬಸ್ಸಿನ ಬಾಗಿಲಲ್ಲಿ ನೇತಾಡಿಕೊಂಡು ಕೋಲಾರಕ್ಕೆ ಹೋಗಿ ಸಸ್ಯಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದೆ. ಕೇಳದವರಿಗೂ ಇದನ್ನು ಹೇಳುತ್ತೇನೆ. ಹೇಳದೆ ಇಟ್ಟುಕೊಂಡದ್ದು ಒಂದೇ. ಪ್ರಾಯೋಗಿಕ ಪರೀಕ್ಷೆಯಲ್ಲಿ ಗಾಜಿನ ಸೀಸೆಯೊಂದನ್ನು ಮುಂದಿಟ್ಟು ಒಳಗಿನ ಗಿಡ ಯಾವುದು ಅಂದರು. ನಾನು ‘ಪಾಚಿ’ ಎಂದು ಬರೆದೆ. ಅದು ಡ್ರಾಸೆರಾ, ಎಲೆಯ ಅಂಟಿನಲ್ಲಿ ಹುಳ ಹಿಡಿದು ತಿನ್ನುವ ಗಿಡ. ಔಷಧದ ನೀರಿನಲ್ಲಿ ವರ್ಷಗಟ್ಟಲೆ ನೆನೆದು ಅದರ ಬಣ್ಣವೆಲ್ಲ ಹೋಗಿತ್ತು. ಪರೀಕ್ಷೆಗೆ ಬಂದಿದ್ದ ಮೇಷ್ಟ್ರು ನನ್ನ ಉತ್ತರ ಓದಿ ಜೋರಾಗಿ ನಕ್ಕರು. ಮೊದಲ ದರ್ಜೆ ಅಲ್ಲೇ ತಪ್ಪಿತು.

ಹೋದ ವರ್ಷ ನಮ್ಮ ಭಾವ, ಅಂದರೆ ಅಕ್ಕನ ಗಂಡ, ಟೊಮೆಟೊ ಸಾಗಿಸುತ್ತಿದ್ದ ತನ್ನ ವ್ಯಾನಿಗೆ ಹಾಸಿಗೆ, ಗ್ಯಾಸ್ ಒಲೆ, ಕಿಟಕಿಗೆ ಹೂವಿನ ಪರದೆ ಹಾಕಿಸಿ ಅದನ್ನು ಕ್ಯಾರವಾನ್ ಎಂದು ಕರೆಯತೊಡಗಿದ. ಬಿಸಿಲೇರಿದರೆ ಒಳಗೆಲ್ಲ ಕೊಳೆತ ಟೊಮೆಟೊ ವಾಸನೆ. ಆದರೂ ಬೆಂಗಳೂರಿನ ಒಬ್ಬ ನಿವೃತ್ತ ಯಜಮಾನರು, ಅವರ ಹೆಂಡತಿ ಇಬ್ಬರೂ ಮೂರು ದಿನದ ಪ್ರವಾಸಕ್ಕೆ ಒಪ್ಪಿದ್ದರು.

“ಏನ್ಲಾ ಬಾಮೈದ, ನೀನೂ ಬರ್ಬೇಕು. ಕಾಡುಪ್ರಾಣಿ, ಕಾಡುಹೂವು ಎಲ್ಲಾ ತೋರಿಸ್ತೀವಿ ಅಂತ ಹೇಳ್ಬಿಟ್ಟಿದ್ದೀನಿ.”

“ನಮ್ಮ ಕಡೆ ಕಾಡು ಎಲ್ಲೈತೆ ಭಾವ?”

“ಅದನ್ನ ಓದ್ದೋನು ನೀನು ನೋಡ್ಕೋ.”

ನನಗೆ ಒಂದು ಜಾಗ ಗೊತ್ತಿತ್ತು. ರಾಯಲ್ಪಾಡಿನಿಂದಾಚೆ ಒಂದು ಬಂಡೆಯ ಬುಡದಲ್ಲಿ ಮಳೆ ನಿಂತ ಮೇಲೂ ನೀರು ಜಿನುಗುತ್ತದೆ. ಅಂಥ ಕಡೆ ಡ್ರಾಸೆರಾ ಬೆಳೆಯುತ್ತದೆ ಎಂದು ಪುಸ್ತಕದಲ್ಲಿತ್ತು. ಪ್ರವಾಸಕ್ಕೆ ಒಂದು ವಾರ ಮುಂಚೆ ಬೈಕಿನಲ್ಲಿ ಹೋಗಿ ಹುಡುಕಿದೆ. ಬಂಡೆಗೆ ಅಂಟಿಕೊಂಡಂತೆ ಹತ್ತು ಹನ್ನೆರಡು ಗಿಡ ಇದ್ದವು! ಅಷ್ಟರಲ್ಲಿ ಆ ಕಡೆಯಿಂದ ಮೇಕೆಗಳ ಸದ್ದು ಕೇಳಿಸಿತು. ನಾಲ್ಕು ಜನರ ಮುಂದೆ ‘ಇದು ಡ್ರಾಸೆರಾ’ ಎಂದು ಬೆರಳು ತೋರಿಸುವ ಭಾಗ್ಯ ಮೇಕೆಯ ಹೊಟ್ಟೆ ಸೇರಬಾರದು. ಬೋರ್ಡು ಹಾಕಿದರೆ ಯಾರೂ ಓದುವುದಿಲ್ಲ. ಅರಿಶಿನ ಕುಂಕುಮವನ್ನಾದರೆ ಎಲ್ಲರೂ ಓದುತ್ತಾರೆ. ಊರೊಳಗಿನ ಅಂಗಡಿಯಿಂದ ಎರಡು ಪೊಟ್ಟಣ ತಂದು, ಗಿಡಗಳ ಪಕ್ಕ ಮೂರು ಕಲ್ಲು ನಿಲ್ಲಿಸಿ ಹಚ್ಚಿದೆ. ಇನ್ನು ಮೇಕೆಯವರು ಈ ಕಡೆ ಸುಳಿಯುವುದಿಲ್ಲ ಎಂದು ಬೀಗಿಕೊಂಡು ಮನೆಗೆ ಬಂದೆ.

ಪ್ರವಾಸ ಮಾಲೂರಿನಿಂದ ಶುರುವಾಯಿತು. ಅಲ್ಲಿಯ ಕೆರೆಯಲ್ಲಿ ನೀರುಕಾಗೆ, ಕೊಕ್ಕರೆ ತೋರಿಸಿದೆ. ತುಂಬೆ ಹೂವಿಗೆ ಲ್ಯೂಕಾಸ್ ಆಸ್ಪೆರಾ ಅಂದೆ. ಆ ಅಮ್ಮನವರು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಮುಳಬಾಗಿಲಿನ ಬಳಿ ಒಂದು ಕೋತಿ ಕಿಟಕಿಯಿಂದ ಕೈಹಾಕಿ ಬಾಳೆಹಣ್ಣಿನ ಚಿಪ್ಪನ್ನೇ ಎತ್ತಿಕೊಂಡು ಹೋಯಿತು. ಅದೂ ಪಟ್ಟಿಗೆ ಸೇರಿತು. ಮುಂದೆ ಒಂದು ಹೊಲದಲ್ಲಿ ಆರು ನವಿಲು ಕಂಡವು. ಯಜಮಾನರು ದುರ್ಬೀನು ತೆಗೆದು ಉಸಿರು ಬಿಗಿಹಿಡಿದರು. ಹೊಲದವನು ತಟ್ಟೆ ಬಡಿಯುತ್ತ ಓಡಿಬಂದ.

“ರೀ, ಫೋಟೊ ಆಮೇಲೆ ತೆಗೀರಿ! ಮೊದಲು ಆ ಕಡೆಯಿಂದ ಓಡ್ಸಿ!”

“ನೀವು ತುಂಬ ಅದೃಷ್ಟವಂತರಪ್ಪಾ,” ಅಂದರು ಅಮ್ಮನವರು. ಅವನು ನನ್ನ ಮುಖ ನೋಡಿದ. ನಾನು ನವಿಲು ನೋಡಿದೆ.

ಈ ಎರಡು ದಿನವೂ ನನ್ನ ಬಾಯಲ್ಲಿ ಡ್ರಾಸೆರಾದ್ದೇ ಜಪ. ಮೂರನೆಯ ದಿನ ಬೆಳಗ್ಗೆ ಶ್ರೀನಿವಾಸಪುರದ ಮಾವಿನ ತೋಪುಗಳನ್ನು ದಾಟಿ ರಾಯಲ್ಪಾಡಿನ ಬಂಡೆಯ ಹತ್ತಿರ ಗಾಡಿ ನಿಲ್ಲಿಸಿದೆವು. ನಾನೇ ಮುಂದೆ ನಡೆದೆ.

“ಚಪ್ಪಲಿ ಬಿಡ್ರಪ್ಪಾ ಅಲ್ಲೇ!” ಎಂದು ಒಬ್ಬ ಹೆಂಗಸು ಕೂಗಿದಳು. ಕೈಯಲ್ಲಿ ಚೆಂಡುಹೂವು, ಹಿಂದೆ ಮೇಕೆಗಳು.

ನನ್ನ ಮೂರು ಕಲ್ಲು ಅಲ್ಲೇ ಇದ್ದವು. ಸುತ್ತ ಗುಡಿಸಿ, ಸಗಣಿ ಸಾರಿಸಿ, ರಂಗೋಲಿ ಬಿಡಲಾಗಿತ್ತು. ಮುಂದೆ ಒಂದು ಹಣತೆ. ಗಿಡ ಅನ್ನುವುದು ಒಂದು ಎಲೆಯೂ ಇರಲಿಲ್ಲ.

“ಯಾವ ದೇವುರಮ್ಮಾ ಇದು?” ಭಾವ ಆಗಲೇ ಕೈ ಮುಗಿದಿದ್ದ.

“ಎವರಿಕಿ ತೆಲುಸು ಸಾಮಿ, ಯಾರಿಗೆ ಗೊತ್ತು? ವಾರದ ಮೇಲಾಯ್ತು ಬಂದು. ಸುತ್ತ ಕಸ ಬೆಳೆದಿತ್ತು, ಕೆಂಪಗೆ, ಅಂಟಂಟು. ಎಲ್ಲಾ ಕೆರೆದು ಬಿಸಾಕ್ದೆ.”

“ಆ ಕಸಕ್ಕೇ ಕಣಮ್ಮಾ ನಾನು ಕಲ್ಲಿಟ್ಟಿದ್ದು! ನಿನ್ನ ಮೇಕೆ ತಿನ್ನಬಾರ್ದು ಅಂತ!”

“ಮೇಕೆ ಅದನ್ನ ಮೂಸೋದೂ ಇಲ್ಲ. ಅಲ್ಲಿ ನೋಡು.”

ಕೆಳಗೆ, ಅವಳ ಮೇಕೆಗಳು ದಿನಾ ತುಳಿದಾಡುವ ಒದ್ದೆ ಮಣ್ಣಿನಲ್ಲಿ, ಗೊರಸಿನ ಗುರುತುಗಳ ನಡುವೆ ಎಲ್ಲೆಲ್ಲೂ ಡ್ರಾಸೆರಾ. ಅಂಗಿಯ ಗುಂಡಿಯಷ್ಟಗಲ, ಕೆಂಪು, ಎಲೆಯ ಪ್ರತಿ ಕೂದಲಿನ ತುದಿಯಲ್ಲೂ ಒಂದು ಹನಿ. ಬಿಳಿ ಹೂವೂ ಬಿಟ್ಟಿದ್ದವು. ಬರಿಗಾಲಲ್ಲಿ ಅಲ್ಲೇ ಮಂಡಿಯೂರಿದೆ. ಒಂದು ಎಲೆಯಲ್ಲಿ ಇರುವೆ ಸಿಕ್ಕಿಕೊಂಡು ಕಾಲಾಡಿಸುತ್ತಿತ್ತು.

“ಇದೇನಾ?” ಅಂದರು ಅಮ್ಮನವರು.

“ಇದೇ. ಡ್ರಾಸೆರಾ,” ಎಂದೆ, ನಕ್ಕಿದ್ದ ಮೇಷ್ಟ್ರು ಎಲ್ಲಿದ್ದರೂ ಕೇಳಿಸಲಿ ಅನ್ನುವಷ್ಟು ಗಟ್ಟಿಯಾಗಿ. ಆಮೇಲೆ, ಮೊದಲೇ ಕೇಳಬೇಕಿದ್ದ ಮೇಕೆಯವಳನ್ನು ಕೇಳಿದೆ. “ನೀವೇನಂತೀರ ಇದಕ್ಕೆ?”

“ಮೇಕೆ ತಿನ್ನಲ್ಲ, ಸಾರಿಗೂ ಬರಲ್ಲ. ಅದಕ್ಯಾಕೆ ಹೆಸ್ರು?”

ಹೊರಡುವಾಗ ಕಲ್ಲು ಕಿತ್ತುಬಿಡೋಣವೆಂದು ಮೇಲೆ ಹೋದೆ. ಇಟ್ಟವನು ನಾನೇ ಎಂದು ಮತ್ತೆ ಬಿಡಿಸಿ ಹೇಳಿದೆ.

“ನೀನಿಟ್ಟೆ, ಸರಿ. ನಿನ್ನ ಕೈಲಿ ಇಡಿಸಿದ್ದು ಯಾರು?” ಅಂದಳು.

ಅಂಗಡಿಯ ಕುಂಕುಮ, ಹಚ್ಚಿದ್ದು ಈ ಕೈಯೇ, ಆದರೂ ಕೀಳಲು ಕೈ ಬರಲಿಲ್ಲ. ಅವಳು ಅದೇ ಕಲ್ಲಿನಿಂದ ಒಂದು ಚಿಟಿಕೆ ತೆಗೆದು ನನ್ನ ಹಣೆಗಿಟ್ಟಳು. ಭಾವ ಮುಂದಿನ ಪ್ರವಾಸದ ಪಟ್ಟಿಗೆ ಈ ದೇವರನ್ನೂ ಸೇರಿಸಿದ.

ದಂಪತಿಗಳು ಮೊಬೈಲಿಗೆ ಕಳಿಸಿದ ಫೋಟೊ ನನ್ನಲ್ಲಿದೆ. ಮತ್ತೆ ಕೆಳಗಿಳಿದು, ಮಂಡಿಯೂರಿ, ಡ್ರಾಸೆರಾದತ್ತ ಬೆರಳು ತೋರಿಸಿ ತೆಗೆಸಿಕೊಂಡದ್ದು. ನೋಡಿದವರೆಲ್ಲ ಮೊದಲು ಹಣೆಯ ಕುಂಕುಮ ನೋಡಿ, ಯಾವ ದೇವಸ್ಥಾನ ಎಂದು ಕೇಳುತ್ತಾರೆ.